ಗೌರವ್ವನ ಕೂಸಿನ ಕಲ್ಲು

ಗೌರವ್ವನ ಕೂಸಿನ ಸಮಾಧಿ ಕಲ್ಲನ್ನು ಕಿತ್ತವಳು ನಾನು. ಹಾರೆ ಹಾಕಿ ಮೀಟಿ, ಹೊಲದ ಹಾಳು ಬಾವಿಗೆ ಉರುಳಿಸಿ, ಕೈಕಾಲು ತೊಳೆದು ಮನೆಗೆ ಬಂದು ಊಟ ಮಾಡಿದೆ. ಅವತ್ತು ಊಟ ಸೇರಿತು — ಅದನ್ನೂ ಹೇಳಿಬಿಡಬೇಕು. ರಾತ್ರಿ ನಿದ್ದೆಯೂ ಬಂತು.

ಗೌರವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಇವತ್ತಿಗೂ ನಾವಿಬ್ಬರೂ ಶಿರಸಿಯ ಒಂದೇ ಮನೆಯಲ್ಲಿ ಇದ್ದೇವೆ; ಮೊನ್ನೆಮೊನ್ನೆಯ ತನಕ ಒಂದೇ ಒಲೆಯ ಅನ್ನ ಉಂಡೆವು. ಇಷ್ಟು ವರ್ಷ ಅವಳ ಮುಖ ನೋಡುತ್ತಲೇ ಇದ್ದೆ. ಮುಚ್ಚಿಟ್ಟದ್ದು ಎದೆಯಲ್ಲಿ ಕುದಿಯುತ್ತಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಕುದಿಯಲಿಲ್ಲ. ನಾನು ಮರೆತಿದ್ದೆ. ನನಗೆ ದಿಗಿಲಾಗಿರುವುದು ಅದಕ್ಕೇ — ಒಬ್ಬ ತಾಯಿಯ ಕೂಸಿನ ಗುರುತನ್ನೇ ಅಳಿಸಿ, ಅದನ್ನು ಮರೆಯುವುದಕ್ಕೂ ಬರುತ್ತದೆಯಾ ಮನುಷ್ಯರಿಗೆ? ನನಗೆ ಬಂತು.

ನಾಲ್ಕನೇ ಇಯತ್ತೆಯ ತನಕ ಓದಿದವಳು ನಾನು. ಬರೆದು ರೂಢಿಯಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಈ ಮಾತು ಹೊರಗೆ ಬಿದ್ದದ್ದು ಒಂದು ಮೋಜಿನ ಪ್ರವಾಸದ ತಯಾರಿಯಿಂದ. ಮೊಮ್ಮಗಳು ಅಕ್ಷತಾ ಯಲ್ಲಾಪುರದ ಶಾಲೆಯಲ್ಲಿ ಟೀಚರ್. ಡಿಸೆಂಬರಿನಲ್ಲಿ ರಜೆ ಸಿಕ್ಕಿತೆಂದು ಮನೆಗೆ ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ, ‘ಎಲ್ಲಾರೂ ಕೂಡಿ ಕ್ಯಾಂಪಿಂಗ್ ಹೋಗೂಣು’ ಅಂದಳು. ಬನವಾಸಿಯ ಆಚೆ ಹೊಸದಾಗಿ ಒಂದು ಪಾರ್ಕು ಆಗಿದೆಯಂತೆ. ನೀರಿನಲ್ಲಿ ಜಾರುವುದು, ಆಕಾಶಕ್ಕೆ ಹೋಗಿ ಬರುವ ತೊಟ್ಟಿಲು, ತೆಂಗಿನ ಮರದೆತ್ತರದ ಸಿಮೆಂಟಿನ ಹಲ್ಲಿಗಳು — ಅವಕ್ಕೆ ಬೇರೆ ಹೆಸರಿದೆ, ನನ್ನ ಬಾಯಲ್ಲಿ ತಿರುಗುವುದಿಲ್ಲ. ಹಗಲೆಲ್ಲ ಪಾರ್ಕು ನೋಡುವುದು, ಸಂಜೆಗೆ ರಸ್ತೆ ದಾಟಿ ಎದುರಿನ ಹೊಲದಲ್ಲಿ ಟೆಂಟಿನಲ್ಲಿ ಉಳಿಯುವುದು. ಚಳಿಗೆ ನಡುವೆ ಬೆಂಕಿ ಹಾಕಿ, ಸುತ್ತ ಕೂರಿಸಿ, ಜೋಳದ ತೆನೆ ಸುಟ್ಟು ಕೊಡುತ್ತಾರಂತೆ.

ನಮ್ಮದು ತಾಡಪತ್ರಿ, ಹಗ್ಗ, ಕಂಬಳಿ ಮಾರುವ ಅಂಗಡಿ. ನನಗೆ ನಗು ಬಂತು.

“ನಿಮ್ಮಪ್ಪ ತಾಡಪತ್ರಿ ಮಾರಿ ಮಾರಿ ಈ ಆರ್‌ಸಿಸಿ ಮನಿ ಕಟ್ಟಿಸ್ಯಾನ. ನೀ ನೋಡಿದ್ರ ರೊಕ್ಕ ಕೊಟ್ಟು ತಾಡಪತ್ರಿ ಕೆಳಗ ಮಲಗಾಕ ಹೊಂಟೀದಿ” ಅಂದೆ.

“ಆಯಿ, ಅದು ತಾಡಪತ್ರಿ ಅಲ್ಲ, ಟೆಂಟು. ಒಳಗ ಗಾದಿ ಇರ್ತಾವ, ಲೈಟ್ ಇರ್ತಾವ.”

“ಗಾದಿ, ಲೈಟು ಇಲ್ಲೇ ಅದಾವಲ್ಲ. ಹಿತ್ತಲದಾಗ ಬೆಂಕಿ ನಾ ಹಾಕಿಕೊಡ್ತೀನಿ. ತೆನಿ ನಿಮ್ಮಪ್ಪ ತರ್ತಾನ.”

ಗೌರವ್ವ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಯಾವತ್ತೂ ನನ್ನ ಮಾತಿಗೆ ಎದುರು ಮಾತಾಡಿದವಳಲ್ಲ. ಅವತ್ತು ಅಂದಳು: “ಹೋಗೂಣು ಬಾ ಅಕ್ಕಾ. ಆ ತೊಟ್ಟಿಲದಾಗ ನಿನ್ನ ಕುಂದರ್ಸಿ ಮ್ಯಾಲೆ ಹೋದಾಗ ನಿಂದರ್ಸಾಕ ಹೇಳ್ತೀನಿ. ಅಲ್ಲಿಂದ ಎಷ್ಟ ಬೈದ್ರೂ ಕೆಳಗ ಯಾರಿಗೂ ಕೇಳೂದಿಲ್ಲ.”

ಮಗ ಬಸವರಾಜ ಬಿದ್ದು ಬಿದ್ದು ನಕ್ಕ. ಅಲ್ಲಿಗೆ ಹೋಗುವುದು ಗಟ್ಟಿಯಾಯಿತು. ಎರಡು ದಿನ ಮನೆಯಲ್ಲಿ ಅದೇ ಗದ್ದಲ. ಕಟಕ ರೊಟ್ಟಿ ಎಷ್ಟು ಬಡಿಯಬೇಕು, ಶೇಂಗಾ ಚಟ್ನಿಯಾ ಗುರೆಳ್ಳು ಚಟ್ನಿಯಾ, ಅಂಗಡಿಯ ಹೊಸ ಕಂಬಳಿ ಒಯ್ದರೆ ಹೊಗೆ ವಾಸನೆ ಹಿಡಿದು ಮಾರಾಟವಾಗುತ್ತದೆಯೋ ಇಲ್ಲವೋ. ಗೊರಕೆ ಹೊಡೆಯುವ ಬಸವರಾಜನನ್ನು ಒಂದು ಟೆಂಟಿನಲ್ಲಿ ಒಬ್ಬನನ್ನೇ ಹಾಕುವುದೆಂದು ತೀರ್ಮಾನವಾಯಿತು. ನಾನು, ಗೌರವ್ವ ಒಂದರಲ್ಲಿ. ನಾನೂ ಖುಷಿಯಲ್ಲೇ ಇದ್ದೆ.

ಆಮೇಲೆ ಅಕ್ಷತಾ ಆ ಜಾಗದ ಫೋಟೋ ತೋರಿಸಿದಳು.

ಮೊಬೈಲಿನಲ್ಲಿ ಬಣ್ಣಬಣ್ಣದ ಟೆಂಟುಗಳ ಸಾಲು. ನಡುವೆ ಬೆಂಕಿ. ಬೆಂಕಿಯ ಸುತ್ತ ಹುಡುಗ ಹುಡುಗಿಯರು ಕೈ ಮೇಲೆತ್ತಿ ಕುಣಿಯುತ್ತಿದ್ದಾರೆ. ಹಿಂದೆ ಒಂದು ಹುಣಸೆ ಮರ. ಬುಡದಲ್ಲೇ ಎರಡಾಗಿ ಸೀಳಿ, ಒಂದು ಕೊಂಬೆ ನೆಲಕ್ಕೆ ಬಾಗಿ ಮತ್ತೆ ಮೇಲೆದ್ದಿದೆ, ಎಮ್ಮೆ ಮಲಗಿ ಎದ್ದ ಹಾಗೆ. ಅಂಥ ಮರ ಎರಡಿರುವುದಿಲ್ಲ. ಆ ಕೊಂಬೆಯ ಮೇಲೆ ಕೂತು ನಾನು ಬುತ್ತಿ ಉಂಡಿದ್ದೇನೆ.

ಅದು ನಮ್ಮ ಹೊಲ.

ಮರೆತದ್ದು ಒಂದೊಂದಾಗಿ ನೆನಪಾಗಲಿಲ್ಲ — ಒಮ್ಮೆಲೇ ಬಂತು, ಹಾರೆಯ ಭಾರ ಸಮೇತ.

ಆ ಹೊಲದಲ್ಲಿ ಗೌರವ್ವನ ಕೂಸಿತ್ತು. ನೀಲಾ ಅಂತ ಹೆಸರು. ಆಗಷ್ಟೇ ಗೋಡೆ ಹಿಡಿದು ನಡೆಯುವುದನ್ನು ಕಲಿತಿತ್ತು. ಜ್ವರ ಬಂತು, ಕೂಸು ಹೋಯಿತು. ದೊಡ್ಡವರನ್ನು ಊರ ರುದ್ರಭೂಮಿಯಲ್ಲಿ, ಸಣ್ಣ ಕೂಸುಗಳನ್ನು ಹೊಲದಲ್ಲಿ ಮಣ್ಣು ಮಾಡುವುದು ನಮ್ಮ ಮನೆತನದ ರೂಢಿ. ದಿನಾ ಹೋಗುವ ಹೊಲ, ತಾಯಿಗೆ ಹತ್ತಿರವಾಗುತ್ತದೆ ಅಂತ. ಅಂಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ವಿಭೂತಿ ಹಾಕಿ, ಕೂರಿಸಿ ಮಣ್ಣು ಕೊಟ್ಟರು. ಮೇಲೊಂದು ಮೊಣಕಾಲೆತ್ತರದ ಕಲ್ಲು ನೆಟ್ಟರು. ಗೌರವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಕಳೆ ತೆಗೆಯಲು ಹೋದರೂ ಮೊದಲು ಆ ಕಲ್ಲಿಗೆ ನೀರು ಹಾಕಿ, ಕೈ ಮುಗಿದು, ಆಮೇಲೆ ಕುಡುಗೋಲು ಹಿಡಿಯುತ್ತಿದ್ದಳು.

ಆಮೇಲೆ ನಮ್ಮಿಬ್ಬರ ಗಂಡಂದಿರೂ ಒಬ್ಬರ ಹಿಂದೆ ಒಬ್ಬರು ಹೋದರು. ಬಸವರಾಜ ಶಿರಸಿಯಲ್ಲಿ ಓದುತ್ತಿದ್ದ. ನನಗೆ ಹೊಲ ಸಾಕಾಗಿತ್ತು. ಉಣ್ಣಲು ಇಲ್ಲದೆ ಮಾರಿದೆ ಅಂತ ಯಾರೂ ತಿಳಿಯಬಾರದು. ಕೆಸರು ಸಾಕು, ಪೇಟೆಯಲ್ಲಿ ಅಂಗಡಿ ಬೇಕು ಅನ್ನಿಸಿತ್ತು, ಅಷ್ಟೇ. ಮಾರುವುದಕ್ಕೆ ಗೌರವ್ವನೂ ಹೂಂ ಅಂದಿದ್ದಳು. ಒಂದೇ ಮಾತು ಹೇಳಿದ್ದಳು: “ಕೂಸಿನ ಜಾಗಾ ಅಷ್ಟ ಬಿಡಸ್ಕೋ ಅಕ್ಕಾ.”

ಮೊದಲು ನೋಡಲು ಬಂದವರು ಕಲ್ಲು ನೋಡಿದವರೇ ತಿರುಗಿ ಹೋದರು. ಮಣ್ಣು ಮಾಡಿದ ಹೊಲ ನಮಗ ಬ್ಯಾಡ ಅಂದರು. ಎರಡನೆಯವರೂ ಹಾಗೇ. ಹಾನಗಲ್ ಕಡೆಯ ಒಬ್ಬ ರೈತ ನೋಡಲು ಬರುತ್ತೇನೆ ಅಂತ ಹೇಳಿ ಕಳಿಸಿದಾಗ ಪಂಚಮಿ ಹಬ್ಬ. ಗೌರವ್ವ ತವರಿಗೆ ಜೋಕಾಲಿ ಆಡಲು ಹೋಗಿದ್ದಳು — ಗಂಡ ಸತ್ತ ಮೇಲೆ ಎಂಥ ಜೋಕಾಲಿ, ಅಣ್ಣ ಬಂದು ಕರೆದ ಅಂತ ಹೋಗಿದ್ದಳು. ಹೋಗಿ ಬಾ, ನಾಲ್ಕು ದಿನ ಇದ್ದು ಬಾ ಅಂತ ಕಳಿಸಿದವಳು ನಾನೇ. ಹಾಗೆ ಕಳಿಸುವಾಗಲೇ ನನ್ನ ತಲೆಯಲ್ಲಿ ಹಾರೆ ಇತ್ತೋ, ಇಲ್ಲವೋ? — ಇತ್ತು. ಇರಲಿಲ್ಲ ಅಂತ ಬರೆಯಲು ನೋಡಿದೆ, ಕೈ ಬರಲಿಲ್ಲ.

ಶ್ರಾವಣದ ಹಸಿ ನೆಲ. ಕಲ್ಲು ಹಾಲುಹಲ್ಲು ಕಿತ್ತು ಬಂದಂತೆ ಬಂತು. ಗುಂಡಿ ಮುಚ್ಚಿ, ಸುತ್ತಲೂ ಸಾಲು ಹೊಡೆದು ಅಲಸಂದಿ ಬೀಜ ಊರಿದೆ. ಆ ರೈತ ಬರುವಷ್ಟರಲ್ಲಿ ಮೊಳಕೆ ಎದ್ದು ನಿಂತಿದ್ದವು. ಅವನು ಹೊಲವೆಲ್ಲ ತಿರುಗಾಡಿ ಕೇಳಿದ: “ಎಲ್ಲೀನೂ ಸಮಾಧಿ ಗಿಮಾಧಿ ಇಲ್ಲಲ್ರಿ, ಯವ್ವಾ?”

“ಇಲ್ರಿ. ಏನೂ ಇಲ್ಲ” ಅಂದೆ. ಅಲಸಂದಿ ಸಾಲಿನಲ್ಲಿ ನಿಂತುಕೊಂಡೇ ಅಂದೆ.

ಇಷ್ಟಾದರೆ ಒಂದು ಸುಳ್ಳು. ಆದರೆ ಗೌರವ್ವ ತವರಿನಿಂದ ಬಂದಳಲ್ಲ. ಅವಳಿಗೆ ಏನು ಹೇಳುವುದು? ಜಾಗ ಬಿಡಿಸಿಕೊಂಡಿದ್ದೇನೆ ಅಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ರೈತ ಬಹಳ ದೈವಭಕ್ತ, ಕೂಸಿನ ಕಲ್ಲಿನ ಸುತ್ತ ಕಟ್ಟೆ ಕಟ್ಟಿಸುತ್ತಾನಂತೆ, ಕಾರ್ತಿಕದಲ್ಲಿ ದೀಪ ಹಚ್ಚುತ್ತಾನಂತೆ ಅಂದೆ. ಅವಳು ನೋಡಿ ಬರುತ್ತೇನೆ ಅಂತ ಎದ್ದು ನಿಂತಳು. ಆಗ ಇನ್ನೊಂದು ಹುಟ್ಟಿಸಿದೆ: “ಮಾರಿದ ಹೊಲದಾಗ ಮಾರಿದವರು ಕಾಲಿಡಬಾರದು. ಇಟ್ರ ಕೊಂಡಾವಂಗ ಏಳ್ಗಿ ಆಗೂದಿಲ್ಲ, ಅವನ ಮಕ್ಕಳಿಗೆ ಕೇಡು.”

ಅಂಥ ಪದ್ಧತಿ ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲೂ ಇಲ್ಲ. ಆ ಕ್ಷಣಕ್ಕೆ ನನ್ನ ಬಾಯಲ್ಲಿ ಹುಟ್ಟಿದ್ದು. ಗೌರವ್ವ ನಂಬಿದಳು. ತನ್ನ ಕೂಸಿಗೆ ದೀಪ ಹಚ್ಚುವವನ ಮಕ್ಕಳಿಗೆ ಕೇಡಾಗಬಾರದಲ್ಲ. ಅದಕ್ಕೆ ಒಂದು ದಿನವೂ ಆ ಕಡೆ ಕಾಲಿಡಲಿಲ್ಲ. ಬಸ್ಸು ಆ ರಸ್ತೆಯಲ್ಲಿ ಹೋಗುವಾಗ ಕಿಟಕಿಯಿಂದ ಕೈ ಮುಗಿಯುತ್ತಿದ್ದಳು; ಕೂಸಿನ ಜಾಗ ಹುಣಸೆ ಮರದ ಆಚೆ, ರಸ್ತೆಯಿಂದ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಾನು ಕೂತಿರುತ್ತಿದ್ದೆ.

ಇನ್ನೂ ಒಂದಿದೆ. ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಒಂದು ತಂಬಿಗೆ ಶೇಂಗಾ ಎಣ್ಣೆ ನನ್ನ ಕೈಗೆ ಕೊಡುತ್ತಿದ್ದಳು. “ಅಂಗಡಿಗೆ ಆ ಕಡೆ ಮಂದಿ ಬರ್ತಾರಲ್ಲ ಅಕ್ಕಾ, ಯಾರ ಕೈಯಾಗರ ಕೊಟ್ಟ ಕಳಸು. ಅವರೊಬ್ಬರ ಎಣ್ಣಿ ಎಷ್ಟಂತ ಉರೀಬೇಕು?” ಅನ್ನುತ್ತಿದ್ದಳು. ನಾನು ಇಸಿದುಕೊಂಡು, ಅವಳು ಅತ್ತ ಹೋದ ಮೇಲೆ, ಅಡಿಗೆಮನೆಯ ಡಬ್ಬಿಗೆ ಸುರುವುತ್ತಿದ್ದೆ. ವರ್ಷ ವರ್ಷ ಮಾಡಿ ಮಾಡಿ ಅದೂ ಬರೀ ರೂಢಿಯಾಗಿತ್ತು, ಕಲ್ಲಿನ ನೆನಪೇ ಬರುತ್ತಿರಲಿಲ್ಲ. ಚೆಲ್ಲಬಹುದಿತ್ತು. ಎಣ್ಣೆ ಚೆಲ್ಲಲು ಮನಸ್ಸು ಬರಲಿಲ್ಲ. ಅದಕ್ಕೆ ಮನಸ್ಸು ಬರಲಿಲ್ಲ ನೋಡಿ, ನನಗೆ.

ಫೋಟೋ ಈಗ ಗೌರವ್ವನ ಕೈಯಲ್ಲಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ಅವಳಿಗೆ ನನಗಿಂತ ಚೆನ್ನಾಗಿ ಕಾಣುತ್ತದೆ.

“ಅಕ್ಕಾ… ಈ ಹುಣಸಿ ಗಿಡ…” ಅಂದಳು. “ಇದು ನಮ್ಮ ಹೊಲ ಅಲ್ಲೇನ?”

“ಅಂಥಾ ಗಿಡ ಎಲ್ಲಾ ಕಡೆ ಇರ್ತಾವ” ಅಂದೆ.

“ಇಲ್ಲ ಬಿಡು. ಇದು ನಮ್ದ.” ಅವಳ ಮುಖ ನೋಡಬೇಕಿತ್ತು — ಹಾಗೆ ಅರಳಿದ್ದನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. “ಅಕ್ಷತಾ, ಕಾಲಿಟ್ರ ಪಾಪ ಅಂತಿದ್ರು. ಈಗ ಕ್ಯಾಂಪಿನವರ ಕೈಯಾಗ ಐತಿ. ನಾವು ರೊಕ್ಕ ಕೊಟ್ಟು ಗಿರಾಕಿ ಆಗಿ ಹೋಗೂದು, ಪಾಪ ಹೆಂಗ ಹತ್ತತೈತಿ? ಅಲ್ಲೇನ ಅಕ್ಕಾ?”

ನಾನು ರೊಟ್ಟಿ ಬುಟ್ಟಿ ಹತ್ತಿರ ಎಳೆದುಕೊಂಡೆ.

“ಆದ್ರ ಕೂಸಿನ ಕಟ್ಟಿ ಕಾಣವಲ್ದಲ್ಲ ಇದರಾಗ” ಅಂದಳು.

ಮರುದಿನ ನಾನು ಮೊಣಕಾಲು ನೋವೆಂದೆ. ಪಾರ್ಕು ಗೀರ್ಕು ಬೇಡ, ಚಂದಗುಳಿಗೆ ಹೋಗಿ ಗಣಪತಿಗೆ ಕೈ ಮುಗಿದು ಬರೋಣ ಅಂದೆ. ಚಳಿಯಲ್ಲಿ ಗೌರವ್ವನಿಗೆ ಉಬ್ಬಸ ಏರುತ್ತದೆ ಅಂದೆ. “ಆಯಿ, ನಿನಗೇನಾಗೇತಿ? ಜೀವಮಾನದಾಗ ಮೊಣಕಾಲು ಅಂದಾಕಿ ಅಲ್ಲ ನೀ” ಅಂತ ಅಕ್ಷತಾ ಸಂಶಯದಲ್ಲಿ ನೋಡಿದಳು. ತನ್ನ ಸಣ್ಣಾಯಿ ಗೌರವ್ವನಿಗೆ ಕಟ್ಟೆ ನೋಡುವ ಆಸೆಯಾಗಿದೆಯೆಂದು ಆ ಕ್ಯಾಂಪಿನವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟು, ಅಲ್ಲೊಂದು ಕೂಸಿನ ಸಮಾಧಿ ಕಟ್ಟೆ ಇದೆಯಲ್ಲ ಅಂತ ಕೇಳಿದಳು.

“ಸಮಾಧಿನಾ? ಅಂಥಾದ್ದೇನೂ ಇಲ್ರಿ ಮೇಡಂ. ಜೆಸಿಬಿ ಹಚ್ಚಿ ಪೂರಾ ಲೆವೆಲ್ ಮಾಡೀವಿ. ಹೆದರಬ್ಯಾಡ್ರಿ, ಆರಾಮ ಬರ್ರಿ” ಅಂದ ಅವನು.

ಗೌರವ್ವ ಅಳುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು: “ಹಂಗಾದ್ರ ಆ ಪುಣ್ಯಾತ್ಮ ಸತ್ತಾನ. ಅವ ಇರೂತನಕಾ ಹಿಂಗ ಆಗಾಕ ಬಿಡ್ತಿದ್ದಿಲ್ಲ. ಇಷ್ಟ ವರ್ಷ ದೀಪ ಹಚ್ಚಿದಾವ… ನಮಗ ಒಂದ ಮಾತು ತಿಳೀಲಿಲ್ಲ, ಮಣ್ಣಿಗೆ ಹೋಗಾಕ ಆಗಲಿಲ್ಲ.”

ಯಾರೋ ಒಬ್ಬ ರೈತ, ಹೊಲ ಕೊಂಡದ್ದು ಬಿಟ್ಟು ನಮಗೇನೂ ಆಗಬೇಕಾದವನಲ್ಲ — ಅವನಿಗಾಗಿ ಅವಳ ಕಣ್ಣಲ್ಲಿ ನೀರು. ನಾನು ಕಟ್ಟಿದ ಸುಳ್ಳಿನ ಮನುಷ್ಯನಿಗಾಗಿ.

ಬಸವರಾಜನಿಗೆ ಬೇರೆ ಸಿಟ್ಟು ಬಂತು. ಗೌರವ್ವ ಅವನಿಗೆ ಚಿಗವ್ವ. ಹೆತ್ತವಳು ನಾನಾದರೂ ಎತ್ತಿ ಆಡಿಸಿದವಳು, ಉಣಿಸಿದವಳು ಅವಳು. “ಅವನ ಮಕ್ಕಳು ಹೆಂಗ ಕಿತ್ತಿದ್ರು ನೋಡೇಬಿಡ್ತೀನಿ. ನಾಲ್ಕ ಮಂದೀನ ಕರಕೊಂಡ ಹೋಗಿ ಕೇಳ್ತೀನಿ. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ” ಅನ್ನುತ್ತ ಬೈಕಿನ ಕೀಲಿ ತೆಗೆದುಕೊಂಡು ಹೊಸ್ತಿಲು ದಾಟಿದ.

ಸುಮ್ಮನಿದ್ದಿದ್ದರೆ? ಹೋಗುತ್ತಿದ್ದ. ಏನೂ ಅರಿಯದವರ ಮನೆ ಬಾಗಿಲಲ್ಲಿ ನಿಂತು ಕೂಗಾಡುತ್ತಿದ್ದ. ಸುಮ್ಮನಿರೋಣ ಅಂತಲೂ ಬಂತು ನನ್ನ ಮನಸ್ಸಿಗೆ. ಬಂದದ್ದನ್ನು ಬರೆಯುತ್ತಿದ್ದೇನೆ.

“ಬಸ್ಯಾ, ನಿಂದ್ರು” ಅಂದೆ. “ಅವರು ಕಿತ್ತಿಲ್ಲ. ನಾ ಕಿತ್ತೀನಿ. ಹೊಲ ಮಾರೂ ಮೊದ್ಲ.”

ಅವನು ತಿರುಗಿ ನೋಡಿದ. ನನಗೆ ತಲೆ ಕೆಟ್ಟಿದೆಯೇನೋ ಅನ್ನುವ ಹಾಗೆ ನೋಡಿದ. ನಾನು ಎಲ್ಲ ಹೇಳಿದೆ. ಪಂಚಮಿ, ಹಾರೆ, ಬಾವಿ, ಅಲಸಂದಿ. ಕಟ್ಟೆಯಿಲ್ಲ, ದೀಪವಿಲ್ಲ, ಮಾರಿದ ಹೊಲಕ್ಕೆ ಕಾಲಿಡಬಾರದೆಂಬ ಪದ್ಧತಿಯೂ ಇಲ್ಲ. ಹೇಳುತ್ತ ಹೋದ ಹಾಗೆ ನನ್ನ ಮಾತು ನನಗೇ ಯಾರೋ ಪರಸ್ಥಳದ ಹೆಂಗಸಿನ ಮಾತಿನಂತೆ ಕೇಳಿಸಿತು. ಇವಳು ಎಂಥವಳು, ಅನ್ನಿಸಿತು.

ಬಸವರಾಜ ಅಲ್ಲೇ ಮೆಟ್ಟಿಲ ಮೇಲೆ ಕೂತ. ಅಕ್ಷತಾ ಗೌರವ್ವನ ಕೈ ಹಿಡಿದಿದ್ದಳು. ಗೌರವ್ವ ಕೈ ಬಿಡಿಸಿಕೊಂಡಳು. ಯಾಕೆ ಹೀಗೆ ಮಾಡಿದೆ ಅಂತ ಕೇಳಲಿಲ್ಲ. ಕೇಳಿದ್ದು ಒಂದೇ.

“ಎಣ್ಣಿ?”

ನನಗೆ ತಟ್ಟನೆ ತಿಳಿಯಲಿಲ್ಲ.

“ವರ್ಷಾ ಎಣ್ಣಿ ಕೊಡ್ತಿದ್ದೆ. ಅದನ್ನ ಏನ ಮಾಡ್ದಿ?”

“ಒಗ್ಗರಣಿಗೆ ಹಾಕ್ದೆ.”

ಅವಳು ಎದ್ದು ಬಚ್ಚಲಿಗೆ ಹೋದಳು. ಬಾಯಿ ಮುಕ್ಕಳಿಸುವ ಸದ್ದು ಬಂತು. ಮುಕ್ಕಳಿಸಿದಳು, ಉಗುಳಿದಳು, ಮತ್ತೆ ತಂಬಿಗೆ ಅದ್ದಿದಳು. ಅಷ್ಟು ವರ್ಷದ ಊಟ — ಅವಳ ಕೂಸಿನ ದೀಪದ ಎಣ್ಣೆಯನ್ನು ನಾನು ಅವಳಿಗೇ ಉಣಿಸಿದ್ದೆ. ನಾನು ಎಣ್ಣೆ ಉಳಿಸಿದೆ ಅಂತ ಮಾತ್ರ ತಿಳಿದಿದ್ದೆನಲ್ಲ, ಇದು ಹೊಳೆದೇ ಇರಲಿಲ್ಲ.

ಅವತ್ತಿನಿಂದ ಅವಳ ಅಡಿಗೆ ಬೇರೆ. ಪಡಸಾಲೆಯ ಮೂಲೆಯಲ್ಲಿ ಒಂದು ಸಣ್ಣ ಗ್ಯಾಸ್ ಇಟ್ಟುಕೊಂಡಿದ್ದಾಳೆ. ಬಸವರಾಜ ಅವಳ ಜೊತೆ ಉಣ್ಣುತ್ತಾನೆ. ನಾನು ಬೇಡ ಅನ್ನಲಿಲ್ಲ. ಅನ್ನಲು ನನಗೇನಿದೆ?

ಹೋಗುವುದು ರದ್ದಾಯಿತೆಂದೇ ಎಲ್ಲರೂ ತಿಳಿದಿದ್ದೆವು. ಮೊನ್ನೆ ಗೌರವ್ವ ಅಕ್ಷತಾಳ ಮೊಬೈಲು ಇಸಿದುಕೊಂಡು ಬಂದು ಆ ಫೋಟೋವನ್ನು ನನ್ನ ಮುಂದೆ ಹಿಡಿದಳು.

“ಎಲ್ಲಿ ತೋರ್ಸು.”

ನೋಡಿದೆ. ಹುಣಸೆ ಮರವೊಂದು ಬಿಟ್ಟರೆ ಏನೂ ಗುರುತಿಲ್ಲ. ಬಾವಿ ಮುಚ್ಚಿದ್ದಾರೆ, ಬದು ಒಡೆದಿದ್ದಾರೆ. ಮರದಿಂದ ಮೂಡಲಕ್ಕೆ ಇತ್ತು ಕಲ್ಲು — ಆದರೆ ಫೋಟೋದಲ್ಲಿ ಮೂಡಲ ಯಾವುದು? ಆ ನೀಲಿ ಟೆಂಟಿನ ಕೆಳಗಾ? ಬೆಂಕಿಯ ಜಾಗವಾ? ಬೆರಳು ಎತ್ತಿದೆ. ಎಲ್ಲೋ ಒಂದು ಕಡೆ, ಬೆಂಕಿಯಿಂದ ದೂರ, ಮರದ ನೆರಳಲ್ಲಿ, ಇಲ್ಲಿ ಅಂತ ತೋರಿಸಿದ್ದರೆ ಅವಳು ನಂಬುತ್ತಿದ್ದಳು. ಈಗಲೂ ನಂಬುತ್ತಿದ್ದಳು! ಅವಳಿಗೂ ಸಮಾಧಾನ ಆಗುತ್ತಿತ್ತು. ಬೆರಳು ಆ ನೆರಳಿನ ಹತ್ತಿರ ಹೋಗಿಯೂ ಇತ್ತು.

“ಗೊತ್ತಾಗವಲ್ದು” ಅಂದೆ.

“ಬೆಂಕಿ ಹಾಕ್ಯಾರಲ್ಲ, ಆ ಜಾಗಾನೋ ಅಲ್ಲೋ, ಅಷ್ಟರ ಹೇಳು.”

“ಗೊತ್ತಿಲ್ಲ, ಗೌರಾ.”

ಅವಳು ಮೊಬೈಲು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ನನಗಲ್ಲ, ಅಕ್ಷತಾಳಿಗೆ ಅಂದಳು: “ಟೆಂಟ್ ಹೇಳು. ಬೆಂಕಿ ಮಾತ್ರ ಬ್ಯಾಡ ಅನ್ನು, ಚಳಿ ಆದ್ರ ಆಗ್ಲಿ. ಗಾದೀನೂ ಬ್ಯಾಡ. ನಾ ನೆಲದ ಮ್ಯಾಲ ಮಲಗ್ತೀನಿ. ಆ ಹೊಲದಾಗ ಎಲ್ಲೋ ಒಂದ ಕಡೆ ಐತಲ್ಲ ನನ್ನ ಕೂಸು.” ಮತ್ತೆ, ಬಾಗಿಲ ಹತ್ತಿರ ಹೋಗಿ: “ಆಕೀಗೆ ಬ್ಯಾರೆ ಟೆಂಟ್ ಹೇಳು.”

ಆಕಿ ಅಂದರೆ ನಾನು. ಅಕ್ಕಾ ಅನ್ನುವುದನ್ನು ಅವಳು ಬಿಟ್ಟಿದ್ದಾಳೆ.

ನಾಳೆ ಬೆಳಿಗ್ಗೆ ಹೊರಡುವುದು. ನೀನು ಬರಬೇಡ ಅಂತ ಮಗ ಒಂದು ಸಲ ಅಂದ. ಹೋಗುತ್ತೇನೆ. ಆ ನೆಲದ ಮೇಲೆ ಅವಳು ನನ್ನನ್ನು ಇನ್ನೊಂದು ಸಲ ಕೇಳುತ್ತಾಳೆ, ಕೇಳದೆ ಇರುವುದಿಲ್ಲ — ಅಲ್ಲಿ ಹೋಗಿ ನಿಂತರೆ ನೆನಪಾಗಬಹುದು ಅನ್ನುವ ಆಸೆ ಅವಳಿಗೆ ಇದ್ದೇ ಇರುತ್ತದೆ. ನೆನಪಾದರೆ ತೋರಿಸುತ್ತೇನೆ. ಆಗದಿದ್ದರೆ ಅವಳ ಮುಖ ನೋಡಿ, ಗೊತ್ತಿಲ್ಲ ಅಂತಲೇ ಹೇಳುತ್ತೇನೆ.